“ನಮ್ಮನ್ನ ಕೇಳಿ ಏರಿಸಿದ್ರಾ?” ಎಂದ ಕೊಲೊರಾಡೊ: 1992ರ ಒಂದು ಮತದಾನದ ಕಥೆ

ಗ್ರಾಮಸಭೆಯ ವರದಿಗೆ ಹೋದಾಗಲೆಲ್ಲ ನಮ್ಮ ಕಿವಿಗೆ ಬೀಳುವ ಒಂದು ಮಾತಿದೆ. ಮನೆ ಕಂದಾಯ ಪರಿಷ್ಕರಣೆಯ ವಿಷಯ ಓದಿದ ಕೂಡಲೇ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ. “ನಮ್ಮನ್ನ ಕೇಳಿ ಏರಿಸಿದ್ರಾ ಸಾರ್?” ಪಿಡಿಒ ಸುತ್ತೋಲೆ ತೋರಿಸುತ್ತಾರೆ, ಅಧ್ಯಕ್ಷರು ನೀರು ಕುಡಿಯುತ್ತಾರೆ, ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ.

ಈ ಪ್ರಶ್ನೆಯನ್ನೇ ತನ್ನ ಸಂವಿಧಾನದಲ್ಲಿ ಬರೆದುಕೊಂಡ ರಾಜ್ಯವೊಂದು ಅಮೆರಿಕದಲ್ಲಿದೆ. ಹೆಸರು ಕೊಲೊರಾಡೊ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆಯಲ್ಲಿ ಬೆಂಗಳೂರಿಗಿಂತ ಕಡಿಮೆ. ಅಲ್ಲಿ 1992ರಿಂದ ಈಚೆಗೆ ಜನರ ಮತ ಕೇಳದೆ ರಾಜ್ಯ ಸರ್ಕಾರವಾಗಲಿ, ನಗರಸಭೆಯಾಗಲಿ, ಶಾಲಾ ಮಂಡಳಿಯಾಗಲಿ ಹೊಸ ತೆರಿಗೆ ಹಾಕುವಂತಿಲ್ಲ, ಇದ್ದ ತೆರಿಗೆಯ ದರ ಏರಿಸುವಂತಿಲ್ಲ. ಅಷ್ಟೇ ಅಲ್ಲ, ಬಂದ ಹಣದಲ್ಲಿ ಒಂದು ಮಿತಿಗಿಂತ ಹೆಚ್ಚಿನದನ್ನು ಇಟ್ಟುಕೊಳ್ಳುವಂತೆಯೂ ಇಲ್ಲ, ಜನರಿಗೆ ವಾಪಸ್ ಕೊಡಬೇಕು.

ಕೇಳಿದರೆ ರಾಮರಾಜ್ಯ ಅನ್ನಿಸುತ್ತದೆ. ನಮಗೂ ಮೊದಲು ಹಾಗೇ ಅನ್ನಿಸಿತ್ತು. ಓದುತ್ತಾ ಹೋದಂತೆ, ಈ ನಿಯಮದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಆ ರಾಜ್ಯದ ಹಳ್ಳಿಗಳ ಮೇಲೆ ಎಂದು ಗೊತ್ತಾಯಿತು. ಅದು ಹೇಗೆ ಎಂಬುದನ್ನು ಮೊದಲಿಂದ ಹೇಳುತ್ತೇವೆ.

ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇರುತ್ತದೆ. ಕೆಲವು ರಾಜ್ಯಗಳಲ್ಲಿ ಸಾಮಾನ್ಯ ಜನರೇ ಆ ಸಂವಿಧಾನಕ್ಕೆ ತಿದ್ದುಪಡಿ ಸೂಚಿಸಬಹುದು. ಒಂದು ಕಾಗದದಲ್ಲಿ ನಿಯಮ ಬರೆದು, ಊರೂರು ಸುತ್ತಿ, ನಿಗದಿಯಾದಷ್ಟು ಮತದಾರರ ಸಹಿ ಸಂಗ್ರಹಿಸಿದರೆ ಅದು ಚುನಾವಣೆಯ ಮತಪತ್ರದ ಮೇಲೆ ಬರುತ್ತದೆ. ಅಭ್ಯರ್ಥಿಗಳ ಹೆಸರಿನ ಜೊತೆಗೇ “ಈ ನಿಯಮ ಬೇಕೆ? ಹೌದು, ಇಲ್ಲ” ಎಂಬ ಪ್ರಶ್ನೆ. ನಿಗದಿಯಾದಷ್ಟು ಜನ ಹೌದು ಎಂದರೆ ಶಾಸಕರು ಬೇಡ ಎಂದರೂ ಅದು ಕಾನೂನು. ಕೊಲೊರಾಡೊದಲ್ಲಿ ಈ ಪದ್ಧತಿ ಬಂದದ್ದು 1910ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 1911ರಲ್ಲಿ. ರೈಲು ಕಂಪನಿಗಳು ಶಾಸಕರನ್ನು ಜೇಬಿನಲ್ಲಿಟ್ಟುಕೊಂಡಿದ್ದ ಕಾಲ ಅದು. ಶಾಸನಸಭೆಯನ್ನು ದಾಟಿ ಹೋಗಲು ಜನರಿಗೊಂದು ಹಿಂಬಾಗಿಲು ಬೇಕಿತ್ತು. ನಮ್ಮಲ್ಲಿ ಇಂಥ ದಾರಿ ಇಲ್ಲ. ಸಂವಿಧಾನ ತಿದ್ದುವುದು ಸಂಸತ್ತಿನ ಕೆಲಸ.

ತೆರಿಗೆಯ ವಿಚಾರದಲ್ಲಿ ಆ ಬಾಗಿಲನ್ನು ಜೋರಾಗಿ ತಳ್ಳಿದ್ದು ಕ್ಯಾಲಿಫೋರ್ನಿಯಾದವರು. 1970ರ ದಶಕದಲ್ಲಿ ಅಲ್ಲಿ ಮನೆಗಳ ಬೆಲೆ ಗಗನಕ್ಕೇರಿತು. ಮನೆ ಮಾರುವವನಿಗೆ ಅದು ಲಾಭ. ಅದೇ ಮನೆಯಲ್ಲಿ ಮೂವತ್ತು ವರ್ಷದಿಂದ ಕೂತು ಪಿಂಚಣಿಯಲ್ಲಿ ಬದುಕುವ ಮುದುಕಿಗೆ? ಮನೆಯ ಬೆಲೆ ಏರಿದಂತೆ ಅವಳ ಕಂದಾಯವೂ ಏರಿತು, ಪಿಂಚಣಿ ಏರಲಿಲ್ಲ. ಅದೇ ಹೊತ್ತಿಗೆ ರಾಜ್ಯ ಸರ್ಕಾರದ ಖಜಾನೆಯಲ್ಲಿ ಸುಮಾರು 500 ಕೋಟಿ ಡಾಲರ್ ಹೆಚ್ಚುವರಿ ಹಣ ಸುಮ್ಮನೆ ಬಿದ್ದಿತ್ತು. ಸಿಟ್ಟು ಬರದಿದ್ದರೆ ಆಶ್ಚರ್ಯ.

ಹೊವಾರ್ಡ್ ಜಾರ್ವಿಸ್ ಎಂಬ 74ರ ಹಿರಿಯ ಮತ್ತು ಪಾಲ್ ಗ್ಯಾನ್ ಎಂಬ ಇನ್ನೊಬ್ಬರು ಸೇರಿ ಸಹಿ ಸಂಗ್ರಹಿಸಿದರು. 1978ರ ಜೂನ್ 6ರಂದು 13ನೇ ಪ್ರಸ್ತಾವ ಎಂಬ ಹೆಸರಿನಲ್ಲಿ ಅದು ಮತಕ್ಕೆ ಬಂತು. ಮನೆ ಕಂದಾಯ ಮನೆಯ ಮೌಲ್ಯದ 1% ಮೀರಬಾರದು, ಮಾಲೀಕ ಬದಲಾಗುವವರೆಗೆ ಆ ಮೌಲ್ಯವನ್ನು ವರ್ಷಕ್ಕೆ 2%ಗಿಂತ ಹೆಚ್ಚು ಏರಿಸಬಾರದು. ಸುಮಾರು 65% ಜನ ಹೌದು ಎಂದರು. ಒಂದೇ ಏಟಿಗೆ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆ ಆದಾಯ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಶಾಲೆ, ಗ್ರಂಥಾಲಯ, ಅಗ್ನಿಶಾಮಕ ಠಾಣೆಗಳನ್ನು ಉಳಿಸಲು ರಾಜ್ಯ ಸರ್ಕಾರ ತನ್ನ ಹೆಚ್ಚುವರಿ ಹಣ ಸುರಿಯಿತು. ಹಣ ಕೊಟ್ಟವನ ಮಾತು ನಡೆಯುತ್ತದೆ ತಾನೆ? ಊರಿನ ಶಾಲೆಯ ಲೆಕ್ಕ ಊರಿನಲ್ಲಿ ತೀರ್ಮಾನವಾಗುತ್ತಿದ್ದದ್ದು ಹೋಗಿ ರಾಜಧಾನಿಯಲ್ಲಿ ತೀರ್ಮಾನವಾಗತೊಡಗಿತು. ಸರ್ಕಾರದ ಕೈ ಕಟ್ಟಲು ಹೊರಟವರು ದೂರದ ಸರ್ಕಾರದ ಕೈಯನ್ನೇ ಉದ್ದ ಮಾಡಿದರು.

ಮರುವರ್ಷ ಪಾಲ್ ಗ್ಯಾನ್ ಇನ್ನೊಂದು ಹೆಜ್ಜೆ ಇಟ್ಟರು. ತೆರಿಗೆಗೆ ಮಿತಿ ಹಾಕಿದ್ದಾಯಿತು, ಇನ್ನು ಖರ್ಚಿಗೇ ಮಿತಿ ಹಾಕೋಣ ಎಂದರು. 1979ರ ನವೆಂಬರಿನಲ್ಲಿ ಬಂದ 4ನೇ ಪ್ರಸ್ತಾವದ ಲೆಕ್ಕ ಸರಳ: ಜನಸಂಖ್ಯೆ ಎಷ್ಟು ಬೆಳೆಯಿತೋ, ಜೀವನವೆಚ್ಚ ಎಷ್ಟು ಏರಿತೋ, ಅಷ್ಟು ಮಾತ್ರ ಸರ್ಕಾರದ ಖರ್ಚು ಏರಬಹುದು. ಸುಮಾರು 74% ಮತ ಬಿತ್ತು. ಮೊದಲ ಕೆಲವು ವರ್ಷ ಬೆಲೆ ಏರಿಕೆಯೇ ಜೋರಾಗಿದ್ದರಿಂದ ಈ ಮಿತಿ ಯಾರಿಗೂ ತಾಗಲಿಲ್ಲ. 1987ರಲ್ಲಿ ತಾಗಿತು, ಸರ್ಕಾರ ಸುಮಾರು 110 ಕೋಟಿ ಡಾಲರ್ ವಾಪಸ್ ಹಂಚಿತು. ಶಿಕ್ಷಕರು ಸಿಡಿದೆದ್ದರು. 1988ರಲ್ಲಿ ಶಾಲೆಗಳಿಗೆ ಬಜೆಟ್ಟಿನಲ್ಲಿ ಇಂತಿಷ್ಟು ಕೊಡಲೇಬೇಕೆಂದು ಜನರಿಂದಲೇ ಮತ ಹಾಕಿಸಿದರು. 1990ರಲ್ಲಿ ಖರ್ಚಿನ ಮಿತಿಯನ್ನೇ ಸಡಿಲ ಮಾಡಲಾಯಿತು. ಕ್ಯಾಲಿಫೋರ್ನಿಯಾದ ಖರ್ಚಿನ ಮಿತಿಯ ಕಥೆ ಅಲ್ಲಿಗೆ ಬಹುಮಟ್ಟಿಗೆ ತಣ್ಣಗಾಯಿತು.

ಆದರೆ ಅಷ್ಟರಲ್ಲಿ ಆ ಕಿಡಿ ಬೆಟ್ಟ ದಾಟಿ ಕೊಲೊರಾಡೊ ಸೇರಿತ್ತು. ಲಾಸ್ ಏಂಜಲೀಸಿನಲ್ಲಿ ಸರ್ಕಾರಿ ವಕೀಲರಾಗಿದ್ದ ಡಗ್ಲಸ್ ಬ್ರೂಸ್ ಎಂಬುವರು 1986ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ನಗರಕ್ಕೆ ಬಂದು ನೆಲೆಸಿದರು. ಬಾಡಿಗೆ ಮನೆಗಳ ಮಾಲೀಕ. ಹಟಮಾರಿ. 1988ರಲ್ಲಿ ಅವರ ಪ್ರಸ್ತಾವ ಮತಕ್ಕೆ ಬಂದು ಸೋತಿತು. 1990ರಲ್ಲಿ ಮತ್ತೆ ತಂದರು, ಕೂದಲೆಳೆಯಲ್ಲಿ ಸೋತರು. 1991ರಲ್ಲಿ ತಮ್ಮ ನಗರದ ಮಟ್ಟದಲ್ಲಿ ಅಂಥದ್ದೇ ನಿಯಮ ಗೆಲ್ಲಿಸಿಕೊಂಡರು. 1992ರ ನವೆಂಬರಿನಲ್ಲಿ ಮೂರನೆಯ ಸಲ ರಾಜ್ಯದ ಮುಂದೆ ತಂದರು. ಗವರ್ನರ್ ರಾಯ್ ರೋಮರ್ ಇದರ ವಿರುದ್ಧ ರಾಜ್ಯ ಸುತ್ತಿದರು. ಆದರೂ ಸುಮಾರು 54% ಜನ ಹೌದು ಎಂದರು. ಆ ನಿಯಮದ ಹೆಸರು ತೆರಿಗೆದಾರರ ಹಕ್ಕುಪತ್ರ. ಇಂಗ್ಲಿಷ್ ಹೆಸರಿನ ಮೊದಲಕ್ಷರ ಜೋಡಿಸಿ ಅಲ್ಲಿನವರು ಅದನ್ನು ‘ಟೇಬರ್’ ಎನ್ನುತ್ತಾರೆ. ನಾವೂ ಹಾಗೇ ಕರೆಯೋಣ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಟೇಬರ್‌ನ ಗಂಟಿನೊಳಗೆ ಎರಡು ಬೇರೆ ಬೇರೆ ಸಾಮಾನು ಇದ್ದವು. ಒಂದು, ‘ಕೇಳಿ ಏರಿಸಿ’ ಎಂಬ ಹಕ್ಕು. ಇದು ಯಾರಿಗಾದರೂ ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ, ಇಷ್ಟವೂ ಆಗುತ್ತದೆ. ಇನ್ನೊಂದು, ಒಂದು ಲೆಕ್ಕದ ಸೂತ್ರ: ರಾಜ್ಯದ ಆದಾಯ ಒಂದು ವರ್ಷದಲ್ಲಿ ಹಣದುಬ್ಬರ ಮತ್ತು ಜನಸಂಖ್ಯೆಯ ಏರಿಕೆಗಿಂತ ಹೆಚ್ಚು ಬೆಳೆದರೆ ಉಳಿದದ್ದನ್ನು ವಾಪಸ್ ಮಾಡಬೇಕು. ಮೊದಲನೆಯದನ್ನು ನೋಡಿ ಮತ ಹಾಕಿದವರಿಗೆ ಎರಡನೆಯದೂ ಜೊತೆಗೆ ಬಂತು. ಪ್ರತ್ಯೇಕವಾಗಿ ಆರಿಸುವ ಅವಕಾಶ ಮತಪತ್ರದಲ್ಲಿ ಇರಲಿಲ್ಲ. ಮುಂದಿನ ಮೂವತ್ತು ವರ್ಷದ ಜಗಳವೆಲ್ಲ ಇದರಿಂದಲೇ ಹುಟ್ಟಿದ್ದು ಎಂಬುದು ನಮ್ಮ ಅಭಿಪ್ರಾಯ.

ಸೂತ್ರದಲ್ಲಿ ತಪ್ಪೇನಿದೆ? ಬೆಲೆ ಏರಿದಷ್ಟು, ಜನ ಹೆಚ್ಚಿದಷ್ಟು ಖರ್ಚು ಏರಲಿ ಎನ್ನುವುದು ನ್ಯಾಯವಾಗಿಯೇ ಕಾಣುತ್ತದೆ. ತೊಡಕು ಇರುವುದು ಒಳಗೆ. ಹಣದುಬ್ಬರ ಎಂದು ಅಳೆಯುವುದು ಮನೆಯವರು ಕೊಳ್ಳುವ ಸಾಮಾನಿನ ಬೆಲೆಯನ್ನು: ಬ್ರೆಡ್ಡು, ಬಟ್ಟೆ, ಬಾಡಿಗೆ, ಪೆಟ್ರೋಲು. ಸರ್ಕಾರ ಕೊಳ್ಳುವುದು ಬೇರೆ: ಶಿಕ್ಷಕರ ದುಡಿಮೆ, ಆಸ್ಪತ್ರೆಯ ಚಿಕಿತ್ಸೆ, ಜೈಲಿನ ಕಾವಲು, ರಸ್ತೆಯ ಡಾಂಬರು. ಅಮೆರಿಕದಲ್ಲಿ ಚಿಕಿತ್ಸೆಯ ವೆಚ್ಚ ಬ್ರೆಡ್ಡಿನ ಬೆಲೆಗಿಂತ ಎಷ್ಟೋ ಬೇಗ ಏರುತ್ತಾ ಬಂದಿದೆ. ಜನಸಂಖ್ಯೆಯ ಲೆಕ್ಕವೂ ಹಾಗೇ. ಒಟ್ಟು ತಲೆಗಳು ಅಷ್ಟೇ ಇದ್ದು ಅದರಲ್ಲಿ ವಯಸ್ಸಾದವರು ಹೆಚ್ಚಾದರೆ ಖರ್ಚು ಹೆಚ್ಚುತ್ತದೆ, ಸೂತ್ರಕ್ಕೆ ಅದು ಕಾಣುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಒಂದು ಪಂಚಾಯ್ತಿಯ ಲೆಕ್ಕ ಇಟ್ಟುಕೊಂಡು ನೋಡಿ. ಈ ವರ್ಷ ಆದಾಯ 100 ರೂಪಾಯಿ. ಸೂತ್ರದ ಪ್ರಕಾರ ಬರುವ ವರ್ಷ 105ರವರೆಗೆ ಇಟ್ಟುಕೊಳ್ಳಬಹುದು. ಆದರೆ ಬರ ಬಿತ್ತು, ಬಂದದ್ದು 85. ಅದರ ಮುಂದಿನ ವರ್ಷದ ಮಿತಿ 105ರ ಮೇಲೆ ಲೆಕ್ಕವಾಗುವುದಿಲ್ಲ, 85ರ ಮೇಲೆ ಲೆಕ್ಕವಾಗುತ್ತದೆ. ಅಂದರೆ ಸುಮಾರು 89. ಮಳೆ ಬಂದು ಆದಾಯ ಮತ್ತೆ 105 ಆಯಿತು ಅಂದುಕೊಳ್ಳಿ. 16 ರೂಪಾಯಿ ವಾಪಸ್ ಕೊಡಬೇಕು. ಬರದ ವರ್ಷ ನಿಲ್ಲಿಸಿದ್ದ ಚರಂಡಿ ಕೆಲಸ ಹಾಗೇ ನಿಂತಿರುತ್ತದೆ, ಕೈಗೆ ಬಂದ ಹಣ ಮಾತ್ರ ಇಟ್ಟುಕೊಳ್ಳುವಂತಿಲ್ಲ. ಇಳಿಯಲು ಮೆಟ್ಟಿಲಿದೆ, ಹತ್ತಲು ಇಲ್ಲ.

1990ರ ದಶಕದಲ್ಲಿ ಇದು ಯಾರ ಗಮನಕ್ಕೂ ಬರಲಿಲ್ಲ. ಕೊಲೊರಾಡೊದ ಆರ್ಥಿಕತೆ ಚೆನ್ನಾಗಿತ್ತು, ಕಂಪ್ಯೂಟರ್ ಕಂಪನಿಗಳು ಬಂದಿದ್ದವು, ಜನ ಹೊರಗಿನಿಂದ ಬಂದು ನೆಲೆಸುತ್ತಿದ್ದರು. 1997ರಿಂದ 2001ರವರೆಗೆ ಐದು ವರ್ಷಗಳಲ್ಲಿ 300 ಕೋಟಿ ಡಾಲರ್‌ಗೂ ಹೆಚ್ಚು ಹಣ ಜನರಿಗೆ ವಾಪಸ್ ಹೋಯಿತು. ಆದರೆ ಆ ಒಳ್ಳೆಯ ವರ್ಷಗಳಲ್ಲಿ ಕೆಟ್ಟ ವರ್ಷಕ್ಕೆಂದು ಎತ್ತಿಟ್ಟದ್ದು ತೀರಾ ಕಡಿಮೆ. ಕಣಜ ತುಂಬಿದಾಗಲೇ ಖಾಲಿ ಮಾಡಿ ಹಂಚಿದಂತೆ.

ಅದೇ ಹೊತ್ತಿಗೆ, 2000ದಲ್ಲಿ, ಅದೇ ಮತದಾರರು ಇನ್ನೊಂದು ತಿದ್ದುಪಡಿಗೆ ಹೌದು ಎಂದರು. ಶಾಲೆಗಳಿಗೆ ಕೊಡುವ ಹಣ ಹತ್ತು ವರ್ಷದವರೆಗೆ ಪ್ರತಿ ವರ್ಷ ಹಣದುಬ್ಬರಕ್ಕಿಂತ 1% ಹೆಚ್ಚು ಏರಲೇಬೇಕು, ಆಮೇಲೆ ಹಣದುಬ್ಬರದಷ್ಟಾದರೂ ಏರಬೇಕು ಎಂಬುದು ಅದರ ಸಾರ. ಈಗ ನೋಡಿ, ಒಂದು ಕಡೆ ಒಟ್ಟು ಹಣಕ್ಕೆ ಮೇಲಿನ ಮಿತಿ, ಇನ್ನೊಂದು ಕಡೆ ಶಾಲೆಯ ಹಣಕ್ಕೆ ಕೆಳಗಿನ ಮಿತಿ. ಎರಡನ್ನೂ ಜನರೇ ಬರೆದದ್ದು. ನಡುವೆ ಸಿಕ್ಕಿಕೊಂಡದ್ದು ಉಳಿದೆಲ್ಲ ಇಲಾಖೆಗಳು. ಅಡಿಕೆ ಕತ್ತರಿ ಬಳಸಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

2001ರಲ್ಲಿ ಕಂಪ್ಯೂಟರ್ ಕಂಪನಿಗಳ ಗುಳ್ಳೆ ಒಡೆಯಿತು, ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಮೇಲೆ ದಾಳಿಯಾಯಿತು, ಪ್ರವಾಸಿಗರು ನಿಂತರು. 2002ರಲ್ಲಿ ಭೀಕರ ಬರ. ಆ ಜೂನಿನಲ್ಲಿ ಹೇಮನ್ ಎಂದು ಹೆಸರಾದ ಕಾಡ್ಗಿಚ್ಚು ರಾಜ್ಯದ ನಡುವಿನ ಕಾಡನ್ನು ಸುಟ್ಟಿತು. ರಾಜ್ಯದ ಆದಾಯ ಕುಸಿಯಿತು. ಕುಸಿದ ಆದಾಯವೇ ಮುಂದಿನ ಮಿತಿಗೆ ಅಡಿಗಲ್ಲಾಯಿತು. ಮೇಲೆ ಹೇಳಿದ 85 ರೂಪಾಯಿಯ ಲೆಕ್ಕ ನಿಜವಾಗಿ ನಡೆಯಿತು.

ಪೆಟ್ಟು ಮೊದಲು ಬಿದ್ದದ್ದು ಕಾಲೇಜುಗಳಿಗೆ. ಸರ್ಕಾರದ ಹಣ ಕಡಿಮೆಯಾದಂತೆ ಶುಲ್ಕ ಏರಿತು. 2004ರಲ್ಲಿ ಶಾಸಕರು ಒಂದು ಉಪಾಯ ಕಂಡುಹಿಡಿದರು. ಟೇಬರ್ ಪ್ರಕಾರ, ಸರ್ಕಾರದ ಅನುದಾನ ತನ್ನ ಆದಾಯದ 10%ಗಿಂತ ಕಡಿಮೆ ಇರುವ ಸರ್ಕಾರಿ ಉದ್ಯಮ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕಾಲೇಜಿಗೆ ನೇರವಾಗಿ ಹಣ ಕೊಡುವ ಬದಲು ಪ್ರತಿ ವಿದ್ಯಾರ್ಥಿಯ ಹೆಸರಿಗೆ ಬರೆದು, ಅದನ್ನು ಅವನು ಕಾಲೇಜಿಗೆ ಕಟ್ಟುವಂತೆ ಮಾಡಿದರು. ಹಣ ಅದೇ, ಹೋಗುವ ಜಾಗ ಅದೇ, ದಾರಿ ಮಾತ್ರ ಬಳಸು. ಆಮೇಲಿನ ವರ್ಷಗಳಲ್ಲಿ ‘ತೆರಿಗೆ’ ಎನ್ನದೆ ‘ಶುಲ್ಕ’ ಎಂದು ಕರೆದು ಮತದಾನ ತಪ್ಪಿಸಿಕೊಳ್ಳುವುದೂ ಬೆಳೆಯಿತು. ಬೇಲಿ ಎತ್ತರ ಮಾಡಿದರೆ ಕಂಡಿ ಹುಡುಕುತ್ತಾರೆ. ಇದನ್ನು ಮೆಚ್ಚಬೇಕೋ ಬಯ್ಯಬೇಕೋ ನಮಗೇ ತಿಳಿಯದು. ಆದರೆ ಸರ್ಕಾರದ ಲೆಕ್ಕ ಸಾಮಾನ್ಯನಿಗೆ ಅರ್ಥವಾಗಬೇಕು ಎಂದು ತಂದ ನಿಯಮದಿಂದ ಲೆಕ್ಕ ಇನ್ನಷ್ಟು ಗೋಜಲಾದದ್ದು ಮಾತ್ರ ಸತ್ಯ.

ಕೊನೆಗೆ 2005ರಲ್ಲಿ ಜನರ ಮುಂದೆ ಹೋಗಲೇಬೇಕಾಯಿತು. ಹೋದವರು ಯಾರು ಗೊತ್ತೆ? ಗವರ್ನರ್ ಬಿಲ್ ಓವೆನ್ಸ್. 1992ರಲ್ಲಿ ಶಾಸಕರಾಗಿ ಟೇಬರ್ ಪರ ನಿಂತಿದ್ದ ರಿಪಬ್ಲಿಕನ್ ಪಕ್ಷದವರು. ತೆರಿಗೆ ಇಳಿಸುವುದೇ ಅವರ ರಾಜಕೀಯ. ಅವರೇ ಎದುರು ಪಕ್ಷದ ಡೆಮಾಕ್ರಟಿಕ್ ಶಾಸಕರ ಜೊತೆ ಕೂತು, ಐದು ವರ್ಷ ಹಣ ವಾಪಸ್ ಕೊಡದೆ ಇಟ್ಟುಕೊಳ್ಳಲು ಅನುಮತಿ ಕೊಡಿ, ಮಿತಿ ಕುಸಿಯುವ ಆ ಮೆಟ್ಟಿಲನ್ನು ತೆಗೆದುಹಾಕಿ ಎಂದು ಕೇಳಿದರು. ಅವರ ಪಕ್ಷದವರೇ ಅನೇಕರು ಇದನ್ನು ವಿರೋಧಿಸಿದರು. ನವೆಂಬರ್ 1ರ ಮತದಾನದಲ್ಲಿ 52% ಜನ ಹೌದು ಎಂದರು. ಅಷ್ಟು ಕಡಿಮೆ ಅಂತರ. ಅದೇ ದಿನ ಸಾಲ ಎತ್ತಲು ಕೇಳಿದ್ದ ಇನ್ನೊಂದು ಪ್ರಸ್ತಾವಕ್ಕೆ ಇಲ್ಲ ಎಂದರು.

ಇದೆಲ್ಲ ರಾಜಧಾನಿ ಡೆನ್ವರಿನ ಕಥೆ. ಹಳ್ಳಿಯ ಕಥೆಗೆ ಬರೋಣ. ನಮಗೆ ಹೆಚ್ಚು ತಾಗಿದ್ದು ಇದೇ.

ಕೊಲೊರಾಡೊದ ಹಳ್ಳಿಗಾಡಿನಲ್ಲಿ ಅಗ್ನಿಶಾಮಕ ದಳ, ಸಣ್ಣ ಆಸ್ಪತ್ರೆ, ಆಂಬುಲೆನ್ಸ್, ಗ್ರಂಥಾಲಯ, ಸ್ಮಶಾನ ಕೂಡ ತಮ್ಮದೇ ಪುಟ್ಟ ಮಂಡಳಿಗಳ ಕೈಯಲ್ಲಿರುತ್ತವೆ. ಅವಕ್ಕೆ ಮುಖ್ಯ ಆಧಾರ ಅಲ್ಲಿನ ಮನೆ, ಜಮೀನು, ಅಂಗಡಿಗಳ ಮೇಲಿನ ಕಂದಾಯ. ಈ ಕಂದಾಯವನ್ನು ಮನೆಯ ಪೂರ್ತಿ ಬೆಲೆಯ ಮೇಲೆ ಹಾಕುವುದಿಲ್ಲ, ಬೆಲೆಯ ಒಂದು ಪಾಲಿನ ಮೇಲೆ ಹಾಕುತ್ತಾರೆ. ಆ ಪಾಲು ಎಷ್ಟು ಎಂಬುದು ಇಡೀ ರಾಜ್ಯಕ್ಕೆ ಒಂದೇ.

1982ರಲ್ಲಿ, ಅಂದರೆ ಟೇಬರ್‌ಗೆ ಹತ್ತು ವರ್ಷ ಮೊದಲೇ, ಗ್ಯಾಲಗರ್ ತಿದ್ದುಪಡಿ ಎಂಬುದು ಬಂದಿತ್ತು. ಅದನ್ನು ತಂದ ಶಾಸಕರ ಹೆಸರೇ ಅದಕ್ಕಿದೆ. ಮನೆ ಮಾಲೀಕರ ಮೇಲಿನ ಭಾರ ಹೆಚ್ಚಬಾರದು ಎಂಬುದು ಉದ್ದೇಶ. ಇಡೀ ರಾಜ್ಯದ ತೆರಿಗೆಗೆ ಒಳಪಟ್ಟ ಆಸ್ತಿ ಮೌಲ್ಯದಲ್ಲಿ ವಾಸದ ಮನೆಗಳ ಪಾಲು ಸುಮಾರು 45% ದಾಟದಂತೆ ನೋಡಿಕೊಳ್ಳಬೇಕು. ಅಂಗಡಿ, ಕಾರ್ಖಾನೆಗಳ ದರ 29%ಕ್ಕೆ ನಿಂತಿರುತ್ತಿತ್ತು. ಮನೆಗಳ ಬೆಲೆ ಏರಿದಾಗಲೆಲ್ಲ ಮನೆಗಳ ದರ ಇಳಿಸಿ ಸರಿದೂಗಿಸಬೇಕು.

ಮೊದಮೊದಲು 21% ಇದ್ದ ದರ ಇಳಿಯುತ್ತಾ ಇಳಿಯುತ್ತಾ 2003ಕ್ಕೆ 7.96%, 2019ಕ್ಕೆ 7.15% ಆಯಿತು. ಏಕೆ ಇಳಿಯಿತು? ಡೆನ್ವರ್ ಸುತ್ತಮುತ್ತ ಮನೆಗಳ ಬೆಲೆ ಹುಚ್ಚಾಪಟ್ಟೆ ಏರಿತು ಎಂದು. ಡೆನ್ವರಿನವರಿಗೆ ತೊಂದರೆ ಇಲ್ಲ, ದರ ಇಳಿದರೂ ಬೆಲೆ ಏರಿದ್ದರಿಂದ ಅವರ ನಗರಸಭೆಗೆ ಬರುವ ಹಣ ಬಂತು. ಪೂರ್ವದ ಬಯಲುಸೀಮೆಯಲ್ಲಿ ಗೋಧಿ ಬೆಳೆಯುವ, ದನ ಸಾಕುವ ಊರುಗಳಲ್ಲಿ ಮನೆಯ ಬೆಲೆ ಹಾಗೆ ಏರಿರಲಿಲ್ಲ. ಒಂದು ಲಕ್ಷ ಡಾಲರಿನ ಮನೆ ಬಹುಕಾಲ ಒಂದು ಲಕ್ಷದ ಆಸುಪಾಸಿನಲ್ಲೇ ಉಳಿದರೆ ಏನಾಗುತ್ತದೆ? 21% ಇದ್ದಾಗ 21,000 ಡಾಲರ್ ಮೇಲೆ ಕಂದಾಯ ಲೆಕ್ಕವಾಗುತ್ತಿತ್ತು, 7.15% ಆದಾಗ 7,150ರ ಮೇಲೆ. ದೂರದ ನಗರದ ಮನೆ ಬೆಲೆ ಏರಿದ್ದಕ್ಕೆ ಈ ಊರಿನ ಬೆಂಕಿ ಎಂಜಿನ್ನಿಗೆ ಡೀಸೆಲ್ ಹಣ ಕಡಿಮೆಯಾಯಿತು.

ಟೇಬರ್ ಬರುವ ಮುಂಚೆ ಇದಕ್ಕೆ ದಾರಿ ಇತ್ತು. ಸ್ಥಳೀಯ ಮಂಡಳಿ ತನ್ನ ಕಂದಾಯ ದರವನ್ನು ಸ್ವಲ್ಪ ಏರಿಸಿ ಹೊಂದಿಸಿಕೊಳ್ಳಬಹುದಿತ್ತು. ಟೇಬರ್ ಆ ದಾರಿಗೆ ಬೀಗ ಹಾಕಿತು. ಏರಿಸಬೇಕಾದರೆ ಮತದಾನ ಆಗಬೇಕು. ರಾಜ್ಯದ ಪಾಲಿನ ದರವೂ ಅಷ್ಟೇ: ಇಳಿಸಲು ಯಾರನ್ನೂ ಕೇಳಬೇಕಿಲ್ಲ, ಮತ್ತೆ ಏರಿಸಲು ಇಡೀ ರಾಜ್ಯವನ್ನು ಕೇಳಬೇಕು. 2003ರಿಂದ 2017ರವರೆಗೆ ಆ ದರ 7.96%ದಲ್ಲೇ ನಿಂತಿತ್ತು. ನಡುವೆ ಸೂತ್ರ ಸ್ವಲ್ಪ ಏರಿಸಬಹುದು ಎಂದಾಗಲೂ ಏರಲಿಲ್ಲ. ಎರಡು ನಿಯಮಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉದ್ದೇಶಕ್ಕೆ ಬಂದವು. ಎರಡೂ ಒಟ್ಟಿಗೆ ಸೇರಿದಾಗ ಹಳ್ಳಿಯ ಕತ್ತಿಗೆ ಹಗ್ಗವಾಗುತ್ತದೆ ಎಂದು 1992ರಲ್ಲಿ ಮತ ಹಾಕಿದ ಎಷ್ಟು ಜನ ಯೋಚಿಸಿದ್ದಾರು?

ಅನೇಕ ಊರುಗಳು ತಮ್ಮ ಮಟ್ಟಿಗೆ ಮತದಾನ ಇಟ್ಟು ಬಿಡುಗಡೆ ಪಡೆದವು. ಹೆಚ್ಚುವರಿ ಹಣ ವಾಪಸ್ ಬೇಡ, ನಮ್ಮ ಶಾಲೆಗೇ ಇಟ್ಟುಕೊಳ್ಳಿ ಎಂದು ಜನರೇ ಹೇಳಿದರು. ರಾಜ್ಯದ 178 ಶಾಲಾ ಮಂಡಳಿಗಳಲ್ಲಿ ಬಹುಪಾಲು ಹೀಗೆ ಮಾಡಿವೆ. ಇದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಡಿ-ಬ್ರೂಸಿಂಗ್’, ಬ್ರೂಸ್ ಬಿಡಿಸುವುದು! ನಮ್ಮಲ್ಲಿ ದೆವ್ವ ಬಿಡಿಸುತ್ತಾರಲ್ಲ, ಹೆಚ್ಚೂಕಡಿಮೆ ಹಾಗೆ. ಆದರೆ ಅದು ಮಿತಿಗಿಂತ ಹೆಚ್ಚು ಹಣ ಬಂದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಣವೇ ಬಾರದ ಊರಿಗೆ ಯಾವ ಬಿಡುಗಡೆಯೂ ಸಾಲದು.

ಇವತ್ತು ಕೊಲೊರಾಡೊದ ಅರ್ಧಕ್ಕಿಂತ ಹೆಚ್ಚು ಶಾಲಾ ಮಂಡಳಿಗಳಲ್ಲಿ ವಾರಕ್ಕೆ ನಾಲ್ಕೇ ದಿನ ಶಾಲೆ. ಬಹುಪಾಲು ಹಳ್ಳಿಗಾಡಿನವು. ಇದಕ್ಕೆ ಟೇಬರ್ ಒಂದೇ ಕಾರಣ ಎಂದರೆ ತಪ್ಪಾಗುತ್ತದೆ. ದೂರದೂರದಿಂದ ಮಕ್ಕಳನ್ನು ತರುವ ಬಸ್ಸಿನ ಖರ್ಚು, ಕಡಿಮೆ ಸಂಬಳಕ್ಕೆ ಶಿಕ್ಷಕರು ಬಾರದಿರುವುದು, ಹಳೆಯ ರೂಢಿ, ಎಲ್ಲ ಸೇರಿದೆ. ಆದರೂ ಕೈ ಬಿಗಿ ಇದ್ದಾಗ ಮೊದಲು ಕಡಿಮೆಯಾಗುವುದು ಶಾಲೆಯ ದಿನ ಎಂಬುದನ್ನು ಅಲ್ಲಗಳೆಯಲಾಗದು. ಗ್ಯಾಲಗರ್ ತಿದ್ದುಪಡಿಯನ್ನು ಮತದಾರರು ಕೊನೆಗೂ 2020ರ ನವೆಂಬರಿನಲ್ಲಿ ತೆಗೆದುಹಾಕಿದರು. ಹಳ್ಳಿಗಳ ಅಗ್ನಿಶಾಮಕ ಮಂಡಳಿಗಳ ದೂರು ಕೇಳಿಸಲು ಅಷ್ಟು ವರ್ಷ ಬೇಕಾಯಿತು.

ನಗರಕ್ಕೂ ಬಿಸಿ ತಟ್ಟಿತು, ಅದೂ ಬ್ರೂಸ್ ಅವರ ಸ್ವಂತ ಊರಿಗೆ. 2009ರ ಆರ್ಥಿಕ ಹಿಂಜರಿತದಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ನಗರಸಭೆ ಆಸ್ತಿ ತೆರಿಗೆ ಏರಿಸಲು ಮತ ಕೇಳಿತು. ಜನ ಸಾರಾಸಗಟು ಬೇಡ ಎಂದರು. 2010ರಲ್ಲಿ ನಗರದ ಸುಮಾರು ಮೂರನೇ ಒಂದರಷ್ಟು ಬೀದಿದೀಪ ಆರಿಸಲಾಯಿತು. ಪಾರ್ಕುಗಳಿಂದ ಕಸದ ಬುಟ್ಟಿ ಎತ್ತಿದರು, ಹುಲ್ಲಿಗೆ ನೀರು ಬಿಡುವುದು ನಿಲ್ಲಿಸಿದರು, ಪೊಲೀಸರ ಹೆಲಿಕಾಪ್ಟರುಗಳನ್ನು ಮಾರಾಟಕ್ಕಿಟ್ಟರು. ನಿಮ್ಮ ಬೀದಿಯ ದೀಪ ಬೇಕಿದ್ದರೆ ನೀವೇ ಹಣ ಕಟ್ಟಿ ‘ದತ್ತು’ ತೆಗೆದುಕೊಳ್ಳಿ ಎಂದಿತು ನಗರಸಭೆ. ಕಟ್ಟುವ ಶಕ್ತಿ ಇದ್ದವರ ಬೀದಿಯಲ್ಲಿ ಬೆಳಕು. ವಿದ್ಯುತ್ ಹರಿಯದ ಕಂಬಗಳಿಂದ ಕಳ್ಳರು ತಾಮ್ರದ ತಂತಿ ಎಳೆದುಕೊಂಡು ಹೋದರು. ಉಳಿಸಲು ಹೋದದ್ದು ಹೀಗೆ ಬೇರೆ ದಾರಿಯಲ್ಲಿ ಕೈ ಬಿಟ್ಟಿತು.

ಆದರೆ ಅದೇ ಊರಿನಲ್ಲಿ ಇನ್ನೊಂದು ಸಂಗತಿ ನಡೆಯಿತು, ಇದನ್ನು ಬಿಟ್ಟರೆ ನಾವು ನ್ಯಾಯ ತಪ್ಪಿದಂತೆ. 2015ರಲ್ಲಿ ಮೇಯರ್ ಜಾನ್ ಸದರ್ಸ್ ರಸ್ತೆ ಗುಂಡಿ ಮುಚ್ಚಲೆಂದೇ ಮಾರಾಟ ತೆರಿಗೆ ಏರಿಸಲು ಮತ ಕೇಳಿದರು. ಹಣ ರಸ್ತೆಗೆ ಮಾತ್ರ, ಇಷ್ಟು ವರ್ಷ ಮಾತ್ರ ಎಂದರು. ಜನ ದೊಡ್ಡ ಅಂತರದಿಂದ ಹೌದು ಎಂದರು. ಅದೇ ವರ್ಷ ರಾಜ್ಯದಲ್ಲಿ ಗಾಂಜಾ ಮಾರಾಟದ ಮೇಲಿನ ತೆರಿಗೆಯ ವಿಷಯವೂ ಬಂತು. ಅಲ್ಲಿ ಅದು ಕಾನೂನುಬದ್ಧ. ಆ ತೆರಿಗೆಗೆ ಜನ 2013ರಲ್ಲೇ ಒಪ್ಪಿದ್ದರು. ಆದರೆ ಆ ವರ್ಷ ರಾಜ್ಯದ ಒಟ್ಟು ಆದಾಯ ಮೊದಲು ಹೇಳಿದ ಅಂದಾಜು ಮೀರಿದ್ದರಿಂದ ಟೇಬರ್ ಪ್ರಕಾರ ವಾಪಸ್ ಕೊಡಬೇಕಾಗಿ ಬಂತು. ಸುಮಾರು 6.6 ಕೋಟಿ ಡಾಲರನ್ನು ಶಾಲಾ ಕಟ್ಟಡ ಮುಂತಾದವಕ್ಕೆ ಇಟ್ಟುಕೊಳ್ಳಲೇ ಎಂದು ಮತ್ತೆ ಕೇಳಿದರು. ಸುಮಾರು 69% ಜನ ಇಟ್ಟುಕೊಳ್ಳಿ ಎಂದರು. ಅಂದರೆ ಜನ ಯಾವಾಗಲೂ ಕೈ ಬಿಗಿ ಹಿಡಿಯುವವರಲ್ಲ. ಯಾವುದಕ್ಕೆ, ಎಷ್ಟು, ಎಲ್ಲಿಯವರೆಗೆ ಎಂದು ತಿಳಿಸಿ ಕೇಳಿದರೆ ಕೊಡುತ್ತಾರೆ. 2019ರಲ್ಲಿ ಮಾತ್ರ, ಇನ್ನು ಮುಂದೆ ಹೆಚ್ಚುವರಿ ಹಣವನ್ನು ಶಾಶ್ವತವಾಗಿ ಸರ್ಕಾರವೇ ಇಟ್ಟುಕೊಳ್ಳಲೇ ಎಂದು ಕೇಳಿದಾಗ ಖಡಾಖಂಡಿತ ಬೇಡ ಎಂದರು.

ಬೇರೆ ರಾಜ್ಯಗಳವರು ಇದನ್ನೆಲ್ಲ ನೋಡುತ್ತಿದ್ದರು. ಮೇನ್, ನೆಬ್ರಾಸ್ಕ, ಒರೆಗಾನ್ ರಾಜ್ಯಗಳಲ್ಲಿ 2006ರಲ್ಲಿ ಇಂಥ ಮಿತಿಯ ಪ್ರಸ್ತಾವಗಳು ಮತಕ್ಕೆ ಬಂದು ಮೂರೂ ಸೋತವು. ಮೇನ್‌ನಲ್ಲಿ 2009ರಲ್ಲಿ ಮತ್ತೊಮ್ಮೆ ಸೋತಿತು. ಟೇಬರ್‌ನಷ್ಟು ಬಿಗಿ ನಿಯಮ ಇವತ್ತಿಗೂ ಕೊಲೊರಾಡೊದಲ್ಲಿ ಮಾತ್ರ ಇದೆ. ಬ್ರೂಸ್ ಅವರ ಮುಂದಿನ ಬದುಕು ಇನ್ನೊಂದು ವಿಚಿತ್ರ: ಸ್ವಲ್ಪ ಕಾಲ ಶಾಸಕರೂ ಆಗಿದ್ದ ಅವರಿಗೆ 2012ರಲ್ಲಿ ತೆರಿಗೆ ವಂಚನೆ ಪ್ರಕರಣದಲ್ಲಿ 180 ದಿನಗಳ ಜೈಲು ಶಿಕ್ಷೆಯಾಯಿತು. ಇದನ್ನು ಹಿಡಿದು ಅವರು ತಂದ ನಿಯಮವೇ ತಪ್ಪು ಎನ್ನುವವರಿದ್ದಾರೆ. ನಾವು ಹಾಗೆ ಹೇಳುವುದಿಲ್ಲ, ನಿಯಮವನ್ನು ನಿಯಮವಾಗಿಯೇ ತೂಗಬೇಕು.

ನಮ್ಮ ಕಡೆಗೂ ಒಂದು ಮಾತು. ಸರ್ಕಾರದ ಕೈ ಕಟ್ಟುವ ಕಾನೂನು ನಮ್ಮಲ್ಲಿ ಇಲ್ಲವೆಂದಲ್ಲ. 2002ರಲ್ಲಿ ದೇಶದಲ್ಲೇ ಮೊದಲು ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ರಾಜ್ಯ ಕರ್ನಾಟಕ. ಸರ್ಕಾರದ ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ 3% ದಾಟಬಾರದು, ಒಟ್ಟು ಸಾಲಕ್ಕೂ ಮಿತಿ ಇರಬೇಕು ಎನ್ನುತ್ತದೆ ಅದು. ಕೋವಿಡ್ ಬಂದಾಗ ವಿಧಾನಮಂಡಲವೇ ತಿದ್ದುಪಡಿ ತಂದು ಆ ಮಿತಿ ಸಡಿಲಿಸಿತು. ಅಷ್ಟು ಸುಲಭವಾಗಿ ಸಡಿಲಿಸಬಹುದಾದ ಹಗ್ಗ ಹಗ್ಗವೇ ಅಲ್ಲ ಎನ್ನುವವರೂ ಇದ್ದಾರೆ. ಕೊಲೊರಾಡೊದ ಹಗ್ಗ ಇದಕ್ಕೆ ತದ್ವಿರುದ್ಧ. ಗಂಟು ಬಿಚ್ಚಲು ಲಕ್ಷಾಂತರ ಜನರ ಬೆರಳು ಬೇಕು. ನಮ್ಮಲ್ಲಿ ಬಿಚ್ಚುವಾಗ ಗ್ರಾಮಸಭೆಯ ಹಿಂದಿನ ಸಾಲಿನವರನ್ನು ಯಾರೂ ಕೇಳಲಿಲ್ಲ, ಅದೂ ನಿಜ.

2022ರಲ್ಲಿ ಕೊಲೊರಾಡೊ ಸರ್ಕಾರ ಪ್ರತಿ ತೆರಿಗೆದಾರರಿಗೆ 750 ಡಾಲರ್, ಗಂಡ ಹೆಂಡತಿ ಒಟ್ಟಾಗಿ ಲೆಕ್ಕ ಸಲ್ಲಿಸಿದ್ದರೆ 1,500 ಡಾಲರ್ ಚೆಕ್ ಕಳಿಸಿತು. ಚೆಕ್ ಕಳಿಸಿದ್ದು ಡೆಮಾಕ್ರಟಿಕ್ ಪಕ್ಷದ ಸರ್ಕಾರ, ಟೇಬರನ್ನು ವರ್ಷಗಟ್ಟಲೆ ಬಯ್ದ ಪಕ್ಷ. ವಾಪಸಾತಿಯನ್ನು ಹಿಂದಕ್ಕೆ ತಂದು ಚುನಾವಣೆಗೆ ಮುಂಚೆಯೇ ಜನರ ಕೈ ಸೇರುವಂತೆ ನೋಡಿಕೊಂಡಿತು. ಎಲ್ಲೋ ನೋಡಿದ ಹಾಗಿದೆಯಲ್ಲ?

ಮರುವರ್ಷ ಅದೇ ಸರ್ಕಾರ ಆಸ್ತಿ ತೆರಿಗೆ ಇಳಿಸುತ್ತೇವೆ, ಬದಲಿಗೆ ಟೇಬರ್ ಮಿತಿ ಸ್ವಲ್ಪ ಏರಿಸಲು ಬಿಡಿ ಎಂದು ಜನರ ಮುಂದೆ ಬಂತು. ಗ್ಯಾಲಗರ್ ಹೋದ ಮೇಲೆ ಮನೆಗಳ ಬೆಲೆಯ ಜೊತೆ ಕಂದಾಯವೂ ಏರಿ, 1978ರ ಕ್ಯಾಲಿಫೋರ್ನಿಯಾದಂಥದೇ ಕೂಗು ಎದ್ದಿತ್ತು. 2023ರ ನವೆಂಬರಿನಲ್ಲಿ ಮತದಾರರು ಆ ಕೊಡುಕೊಳ್ಳುವಿಕೆ ಬೇಡ ಎಂದರು. 2024ರ ಆಗಸ್ಟಿನಲ್ಲಿ ಶಾಸನಸಭೆ ವಿಶೇಷ ಅಧಿವೇಶನ ಸೇರಿ ಆಸ್ತಿ ತೆರಿಗೆ ಇಳಿಸಿತು, ಅದಕ್ಕೆ ಪ್ರತಿಯಾಗಿ ಇನ್ನೂ ಬಿಗಿ ಮಿತಿ ಕೇಳಿ ಸಹಿ ಸಂಗ್ರಹಿಸಿದ್ದವರು ತಮ್ಮ ಪ್ರಸ್ತಾವ ಹಿಂತೆಗೆದುಕೊಂಡರು. ಟೇಬರ್ ಅಲ್ಲೇ ಇದೆ. ತೆರಿಗೆ ಏರಿಸುವ ಯಾವ ಪ್ರಶ್ನೆ ಬಂದರೂ ಮತಪತ್ರದಲ್ಲಿ ಅದು ಈಗಲೂ, ಟೇಬರ್ ಹೇಳಿದ ಹಾಗೆಯೇ, ರಾಜ್ಯದ ತೆರಿಗೆಯನ್ನು ವರ್ಷಕ್ಕೆ ಇಷ್ಟು ಡಾಲರ್ ಹೆಚ್ಚಿಸಬೇಕೆ ಎಂದು ದೊಡ್ಡ ಅಕ್ಷರಗಳಲ್ಲೇ ಶುರುವಾಗುತ್ತದೆ. ಹಣ ಯಾವ ಊರಿನ ಆಂಬುಲೆನ್ಸಿಗೆ ಎಂಬುದು ಅದರ ನಂತರ ಬರುತ್ತದೆ.